ಶಿರಿಯದ ಬಾವಿಗಳು ಉಪ್ಪಾದ ವರ್ಷಗಳು

ಮನುಷ್ಯರ ಆರೋಗ್ಯವನ್ನೂ ಭೂಮಿಯ ಆರೋಗ್ಯವನ್ನೂ ಒಟ್ಟಿಗೆ ಇಟ್ಟು ನೋಡುವ ಸಂಶೋಧನೆಗೆ ಈಗ ದೊಡ್ಡ ಹೆಸರು ಬಂದಿದೆ. ಅದಕ್ಕೆಂದೇ ಕೋರ್ಸುಗಳು ಉಂಟು, ಸಮ್ಮೇಳನಗಳು ಉಂಟು. ಅಂಥ ಕೋರ್ಸು ಮುಗಿಸಿದ ಇಬ್ಬರು ಮೊನ್ನೆ ನಮ್ಮ ಮನೆಗೆ ಬಂದು, ಈ ಕೆಲಸ ನಿಜವಾಗಿ ಹೇಗಿರುತ್ತದೆ ಹೇಳಿ ಮೇಡಂ ಎಂದರು. ಚಹಾ ಆರುವುದರೊಳಗೆ ಹೇಳಿ ಮುಗಿಸುವ ವಿಷಯವಲ್ಲ ಅದು. ಏನೋ ಹೇಳಿದೆ. ಅವರು ಹೋದ ಮೇಲೆ, ಹೇಳಬೇಕಾದ್ದು ಯಾವುದನ್ನೂ ಹೇಳಲಿಲ್ಲ ಎನಿಸಿತು. ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನದ ವಿಷಯ ಇದರಲ್ಲಿ ಇಲ್ಲ. ಇದ್ದದ್ದೂ ಕಡಿಮೆ.

ನಾನು ವಿಶಾಲಾ, ಬದಿಯಡ್ಕದವಳು, ರಸಾಯನಶಾಸ್ತ್ರ ಓದಿದವಳು. ಕಾಸರಗೋಡಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ, ಅಲ್ಲಿಯೇ ನಿವೃತ್ತಳಾದೆ. ಸೇರಿದ ಕಾಲಕ್ಕೆ ನೀರಿನವರು ನೀರು ನೋಡುವುದು, ಕಲ್ಲುಮಣ್ಣಿನವರು ಕಲ್ಲುಮಣ್ಣು ನೋಡುವುದು, ಕಾಯಿಲೆ ಆಸ್ಪತ್ರೆಯವರ ವಿಷಯ. ಒಂದೇ ಕಟ್ಟಡದಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಕುಳಿತು, ಒಂದೇ ಊರಿನ ಬಗ್ಗೆ ಬೇರೆ ಬೇರೆ ವರದಿ ಬರೆದು, ಒಬ್ಬರದ್ದನ್ನು ಇನ್ನೊಬ್ಬರು ಓದದೆಯೇ ನಿವೃತ್ತರಾದವರನ್ನು ನಾನು ಕಂಡಿದ್ದೇನೆ. ನನ್ನ ಕೆಲಸ ಬ್ಯೂರೆಟ್ಟಿನದು, ಹನಿ ಅಳೆದು ಬಿಡುವ ಗಾಜಿನ ಕೊಳವೆಯದು. ಬಣ್ಣದ ಸೂಚಕ ಬೆರೆಸಿದ ಬಾವಿ ನೀರಿಗೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡುತ್ತಾ, ನೀರು ಹಳದಿಯಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಿದಲ್ಲಿ ನಿಲ್ಲಿಸಿ, ಹೋದ ಹನಿಗಳ ಲೆಕ್ಕ ಹಾಕಿದರೆ ಅದರಲ್ಲಿ ಉಪ್ಪು ಎಷ್ಟುಂಟೆಂದು ತಿಳಿಯುತ್ತಿತ್ತು. ಆ ದ್ರಾವಣ ತಾಗಿದಲ್ಲೆಲ್ಲ ಚರ್ಮ ಕಪ್ಪಾಗುತ್ತದೆ. ಮದುವೆಗೆ ಹೋದರೆ ನೆಂಟರು ನನ್ನ ಬೆರಳು ನೋಡಿ, ಎಂತ ಮಾರಾಯ್ತಿ, ಗೇರುಬೀಜ ಸುಲಿಯಲಿಕ್ಕೆ ಹೋಗ್ತಿಯಾ ಎಂದು ಕೇಳುತ್ತಿದ್ದರು.

ನಮ್ಮ ಮುಖ್ಯಸ್ಥರು ಕುಂಞಂಬು ಸರ್. ಭೂವಿಜ್ಞಾನಿ. ನೀಲೇಶ್ವರದ ಕಡೆಯವರು. ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ಅರ್ಧ ಮಲಯಾಳ ಸೇರುತ್ತಿತ್ತು. ಬಹಳ ನಿಯಮದ ಮನುಷ್ಯ. ಒಂದು ಸಂಖ್ಯೆಯನ್ನು ವರದಿಯಲ್ಲಿ ಹಾಕುವ ಮೊದಲು ಅದನ್ನು ಬೇರೆ ಬೇರೆಯವರಿಂದ ಅಳೆಸಿ ನೋಡುತ್ತಿದ್ದರು. ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಆದರೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅವರಿಂದ.

ಅವರ ಕೋಣೆಗೆ ಒಂದು ದಿನ ಜುಬೈದಾ ಡಾಕ್ಟರ್ ಬಂದರು. ಕಡಲ ಕರೆಯ, ಎಂದರೆ ದಂಡೆಯ, ಊರುಗಳಲ್ಲಿ ಕ್ಯಾಂಪು ಮಾಡುತ್ತಿದ್ದ ಹೆರಿಗೆ ವೈದ್ಯೆ. ಶಿರಿಯದಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರದ ಮನೆಗಳಲ್ಲಿ ಬಸುರಿ ಹೆಂಗಸರಿಗೆ ರಕ್ತದೊತ್ತಡ ಏರುವುದು ಹೆಚ್ಚು, ಅದೂ ಬೇಸಗೆಯಲ್ಲಿ ಹೆಚ್ಚು ಎಂದು ಅವರಿಗೆ ಅನುಮಾನ ಬಂದಿತ್ತು. ನೀರು ನೋಡಬೇಕು ಎಂದರು. ಕುಂಞಂಬು ಸರ್ ಒಪ್ಪಿದರು. ನಮ್ಮ ಮೂವರ ಕೂಟ ಶುರುವಾದದ್ದು ಹೀಗೆ: ಕಲ್ಲಿನವರು ಒಬ್ಬರು, ರಕ್ತದವರು ಒಬ್ಬರು, ನೀರಿನವಳು ನಾನು.

ಮೊದಲ ಸುತ್ತಿನಲ್ಲೇ ಎಡವಿದೆವು. ಯೋಜನೆಗೆ ಮಂಜೂರಾತಿ ಸಿಕ್ಕಿ, ಜೀಪು ಸಿಕ್ಕಿ, ನಾವು ಶಿರಿಯಕ್ಕೆ ಹೋದದ್ದು ಮಳೆ ಮುಗಿದ ಹೊಸತರಲ್ಲಿ. ಬಾವಿಗಳು ಕೈಗೆಟಕುವಷ್ಟು ತುಂಬಿದ್ದವು. ಮನೆಮನೆಯಿಂದ ನೀರು ತಂದು ಪರೀಕ್ಷಿಸಿದೆ. ಎಲ್ಲ ಬಾವಿಗಳ ನೀರೂ ಕುಡಿಯಲಿಕ್ಕೆ ಯೋಗ್ಯ. ಅದನ್ನೇ ಬರೆದೆವು. ಬೇಸಗೆಯ ಕಾಯಿಲೆಗೆ ಮಳೆಗಾಲದ ನೀರು ಪರೀಕ್ಷಿಸಿದೆವು ಎಂಬುದು, ಇಷ್ಟೆಲ್ಲ ಓದಿದ ನಮ್ಮಲ್ಲಿ ಯಾರ ತಲೆಗೂ ಆಗ ಹೊಳೆಯಲಿಲ್ಲ. ಜೀಪು ಯಾವಾಗ ಸಿಗುತ್ತದೋ ಆಗ ಹೋಗುವುದು ಅಂದಿನ ಪದ್ಧತಿ. ಈಗಲೂ ಹೆಚ್ಚು ಬದಲಾಗಿಲ್ಲವಂತೆ.

ಡಾಕ್ಟರ ಕಡೆಯ ಕೆಲಸವೂ ಹಾಗೆಯೇ ಆಯಿತು. ಅವರ ತಂಡದವರು ಹೆಂಗಸರನ್ನು ಶಾಲೆಯ ಜಗಲಿಗೆ ಕರೆಸಿ ಬಿಪಿ ನೋಡಿದರು. ಮೀನಿನ ಬುಟ್ಟಿ ಇಳಿಸಿ, ಬಿಸಿಲಲ್ಲಿ ನಡೆದುಬಂದು, ಏದುಸಿರು ಬಿಡುತ್ತಾ ಕೈ ಚಾಚಿದವರಿಗೆ ಬಿಪಿ ಏರದೆ ಇನ್ನೇನಾಗುತ್ತದೆ? ಆ ಅಂಕಿಗಳನ್ನೆಲ್ಲ ಬಿಟ್ಟು ಇನ್ನೊಮ್ಮೆ ಮನೆಮನೆಗೆ ಹೋಗಿ, ಸ್ವಲ್ಪ ಹೊತ್ತು ಕೂರಿಸಿ, ಸುಮ್ಮನಿರಿಸಿ ನೋಡಬೇಕಾಯಿತು. ಅಡುಗೆಗೆ ಉಪ್ಪು ಎಷ್ಟು ಹಾಕುತ್ತೀರಿ ಎಂದೂ ಕೇಳಿದರು. ಕೆಲವರು, ಬೇಸಗೆಯಲ್ಲಿ ಗಂಜಿಗೆ ಉಪ್ಪು ಹಾಕುವುದೇ ಇಲ್ಲ ಎಂದರು. ಕೇಳಲು ಹೋದವರು ಅದನ್ನು ನಂಬಲಿಲ್ಲ. ಡಾಕ್ಟರು ಬೈಯುತ್ತಾರೆಂದು ಹೀಗೆ ಹೇಳುತ್ತಾರೆ ಎಂದುಕೊಂಡು ಆ ಉತ್ತರಗಳನ್ನು ಬದಿಗಿಟ್ಟರು.

ಮರುವರ್ಷ ಎಪ್ರಿಲ್ ನಡುವಿನ ವಿಷು ಹಬ್ಬದ ಆಸುಪಾಸಿಗೆ ಬೇರೆ ಯಾವುದೋ ಕೆಲಸಕ್ಕೆ ಆ ಕಡೆ ಹೋದವಳು, ಮೊದಲ ಸುತ್ತಿನಲ್ಲಿ ಪರಿಚಯವಾಗಿದ್ದ ಕಮಲಕ್ಕನ ಮನೆಗೆ ಹೊಕ್ಕೆ. ಕಮಲಕ್ಕ ಮೊಗವೀರರವರು. ಬೆಳಿಗ್ಗೆ ಮೀನು ಹೊತ್ತು ಬಸ್ಸಿನಲ್ಲಿ ಬದಿಯಡ್ಕದವರೆಗೂ ಹೋಗಿ ಮಾರಿಬರುವವರು. ನಮ್ಮ ಊರಿನ ಮೀನು ಅವರದು ಎಂಬುದರಿಂದ ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾಗಿತ್ತು. ಮಧ್ಯಾಹ್ನದ ಹೊತ್ತು. ಗಂಜಿ ಬಡಿಸಿದರು. ಉಪ್ಪು ಕೊಡಿ ಎಂದೆ. ಮೊದಲು ಒಂದು ತುತ್ತು ಉಣ್ಣಿ ಎಂದರು. ಉಂಡೆ. ಬೇರೆ ಉಪ್ಪು ಬೇಕಾಗಿರಲಿಲ್ಲ.

ಆ ದಿನ ಅವರ ಬಾವಿಯ ನೀರನ್ನು ಬಾಟಲಿಯಲ್ಲಿ ತಂದು ಬ್ಯೂರೆಟ್ಟಿಗೆ ಕುಳಿತೆ. ಹನಿ ಬಿಡುತ್ತಲೇ ಹೋದೆ. ಬಣ್ಣ ತಿರುಗಲೇ ಇಲ್ಲ. ಬ್ಯೂರೆಟ್ಟು ಖಾಲಿಯಾಗಿ ಮತ್ತೆ ತುಂಬಿಸಬೇಕಾಯಿತು. ಕುಂಞಂಬು ಸರ್ ಹಿಂದೆ ಬಂದು ನಿಂತು ನೋಡುತ್ತಿದ್ದರು. ಹಿಂದಿನ ವರದಿಯನ್ನು ವಾಪಸು ತೆಗೆದುಕೊಳ್ಳುವ ವ್ಯವಸ್ಥೆ ಮರುದಿನವೇ ಮಾಡಿದರು. ತಮ್ಮ ಸಹಿ ಇರುವ ವರದಿಯನ್ನು ತಾವೇ ತಪ್ಪು ಎನ್ನುವ ಮೇಲಧಿಕಾರಿಯನ್ನು ನಾನು ಅವರ ನಂತರ ಕಾಣಲಿಲ್ಲ.

ಅಲ್ಲಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಜೀಪಿನ ಅನುಕೂಲ ನೋಡುವುದು ಬಿಟ್ಟು ಸಮುದ್ರದ ಉಬ್ಬರ ನೋಡಿ ಹೊರಡುವುದನ್ನು ಕಲಿತೆವು. ಸಮುದ್ರ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅದೇ ಬಾವಿಯ ನೀರು ತೆಗೆದೆವು. ನೀರಿಗೆ ಅದ್ದಿದರೆ ಸಾಕು, ಉಪ್ಪಿನ ಅಂದಾಜು ಕೊಡುವ ಸಣ್ಣ ಮೀಟರು ಆ ಹೊತ್ತಿಗೆ ಬಂತು. ನನ್ನ ಬೆರಳುಗಳು ಬೆಳ್ಳಗಾದವು. ಶಿರಿಯದವರು ನನಗೆ ನೀರ್‌ದ ಟೀಚರ್, ತುಳುವಿನಲ್ಲಿ ನೀರಿನ ಟೀಚರ್, ಎಂದು ಹೆಸರಿಟ್ಟರು. ನಮ್ಮಲ್ಲಿ ಸೀರೆ ಉಟ್ಟು ಬ್ಯಾಗು ಹಿಡಿದು ಬರುವ ಹೆಂಗಸು ಯಾವ ಉದ್ಯೋಗದವಳಾದರೂ ಟೀಚರೇ.

ಮೂತ್ರದ ಕತೆ ಹೇಳದೆ ಮುಂದೆ ಹೋಗಬಾರದು. ದೇಹಕ್ಕೆ ಎಷ್ಟು ಉಪ್ಪು ಹೋಗಿದೆಯೆಂದು ತಿಳಿಯಬೇಕಾದರೆ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಸಂಗ್ರಹಿಸಬೇಕು ಎಂಬುದು ಡಾಕ್ಟರ ಶಾಸ್ತ್ರ. ಬಿಳಿ ಕ್ಯಾನುಗಳನ್ನು ಹಂಚಿದೆವು. ಮರುದಿನ ಹೋದರೆ ಹೆಚ್ಚಿನವು ಖಾಲಿ. ಒಂದು ಕ್ಯಾನಿನಲ್ಲಿ ಸೀಮೆಎಣ್ಣೆ ತುಂಬಿ ಇಟ್ಟಿದ್ದರು. ಜುಬೈದಾ ಡಾಕ್ಟರಿಗೆ ಬೇಸರವಾಯಿತು. ಕಮಲಕ್ಕ ಅವರನ್ನು ಕೂರಿಸಿ ಹೇಳಿದರು:

“ಬೈಬೇಡಿ ಡಾಕ್ಟ್ರೇ. ನಾನು ದಿನ ಇಡೀ ಬಸ್ಸಿನಲ್ಲಿ, ದಾರಿಯಲ್ಲಿ ಇರುವವಳು. ಮೀನಿನ ಬುಟ್ಟಿಯ ಒಟ್ಟಿಗೆ ಇದನ್ನೂ ಹಿಡ್ಕೊಂಡು ಹೋದರೆ ನನ್ನ ಮೀನು ಯಾರು ತಗೊಳ್ತಾರೆ?”

ಡಾಕ್ಟರು ನಕ್ಕುಬಿಟ್ಟರು. ಬೆಳಗ್ಗಿನ ಒಂದು ಸಲದ ಮೂತ್ರ ಸಾಕು ಎಂದು ಪದ್ಧತಿ ಬದಲಿಸಿದರು. ಹಾಗೆ ಮಾಡಿದರೆ ಲೆಕ್ಕದ ನಿಖರತೆ ಕಡಿಮೆಯಾಗುತ್ತದೆ. ಪ್ರಬಂಧ ಪರಿಶೀಲಿಸುವವರು ಆಮೇಲೆ ಅದನ್ನೇ ಹಿಡಿದು ಜಗ್ಗಿದರು. ಬುಟ್ಟಿ ಹೊತ್ತು ಬದುಕುವ ಹೆಂಗಸರು ಹೀಗೆ ಹೇಳಿದರು ಎಂದು ವಿವರಣೆ ಬರೆದು ಕಳಿಸಿದೆವು. ಅದಕ್ಕೆ ಉತ್ತರ ಬರಲಿಲ್ಲ.

ಎರಡು ಬೇಸಗೆ ಹೀಗೆ ಹೋಯಿತು. ನಮ್ಮ ಅನುಮಾನ ನಿಧಾನವಾಗಿ ಗಟ್ಟಿಯಾಗುತ್ತಿತ್ತು. ಅಳಿವೆಗೆ ಹತ್ತಿರದ ಬಾವಿಗಳು ಬೇಸಗೆಗೆ ಉಪ್ಪಾಗುತ್ತವೆ. ಆ ನೀರು ಕುಡಿಯುವವರ ಮೂತ್ರದಲ್ಲಿ ಉಪ್ಪು ಹೆಚ್ಚು. ಬಸುರಿಯರ ಬಿಪಿಯೂ ಹೆಚ್ಚು ಎಂದು ಕಾಣುತ್ತಿತ್ತು. ಕಾಣುತ್ತಿತ್ತು ಎನ್ನುವುದಕ್ಕೂ ಹೌದು ಎನ್ನುವುದಕ್ಕೂ ನಡುವೆ ಎಷ್ಟು ದೂರ ಉಂಟೆಂದು ಈ ಕೆಲಸಕ್ಕೆ ಬಂದ ಮೇಲೆ ನಿಮಗೆ ತಿಳಿಯುತ್ತದೆ. ಬಡತನ, ದುಡಿಮೆ, ಒಣಮೀನು, ಸಣ್ಣ ಪ್ರಾಯದ ಮದುವೆ, ಯಾವುದಾದರೂ ಕಾರಣ ಇರಬಹುದು. ಒಂದೊಂದನ್ನೇ ಬೇರ್ಪಡಿಸಬೇಕು. ಅದಕ್ಕೆ ಇನ್ನೂ ಒಂದು ಬೇಸಗೆ ಬೇಕು ಎಂದರು ಕುಂಞಂಬು ಸರ್.

ಆ ಮೂರನೆಯ ಬೇಸಗೆಗೆ ಕಮಲಕ್ಕನ ಮಗಳು ಪುಷ್ಪಾ ಬಸುರಿ. ಮೊದಲ ಬಸಿರು ಅವಳಿಗೆ ನಿಂತಿರಲಿಲ್ಲ. ಈ ಸಲ ಅವಳ ಬಿಪಿ ವಾರದಿಂದ ವಾರಕ್ಕೆ ಏರುತ್ತಿತ್ತು. ಕಾಲು ಬೀಗಿತ್ತು. ಜುಬೈದಾ ಡಾಕ್ಟರು ಮಾತ್ರೆ ಕೊಟ್ಟರು. ಆಮೇಲೆ, ಕಡಲಿನಿಂದ ದೂರ ಯಾರಾದರೂ ಇದ್ದಾರಾ ಎಂದು ಕೇಳಿದರು. ಪುಷ್ಪಾಳ ಅತ್ತೆ, ಎಂದರೆ ತಂದೆಯ ತಂಗಿ, ನಾಯ್ಮಾರ್ಮೂಲೆಯಲ್ಲಿ ಬಾಡಿಗೆ ಮನೆಯಲ್ಲಿದ್ದರು. ಹೆರಿಗೆಯವರೆಗೆ ಅಲ್ಲಿಗೆ ಹೋಗು, ಇಲ್ಲಿಯ ನೀರು ಕುಡಿಯಬೇಡ ಎಂದರು ಡಾಕ್ಟರು. ಪುಷ್ಪಾ ಬಟ್ಟೆ ಕಟ್ಟಿಕೊಂಡು ಹೋದಳು.

ಇದು ಕುಂಞಂಬು ಸರ್‌ಗೆ ಸರಿಬರಲಿಲ್ಲ. ನಮ್ಮ ಅಧ್ಯಯನದಲ್ಲಿ ಹೆಸರಿರುವ ಹೆಂಗಸನ್ನು ನಾವೇ ಊರು ಬಿಡಿಸಿದರೆ ಅಧ್ಯಯನ ಏನಾಗಬೇಕು ಎಂದು ಅವರ ಪ್ರಶ್ನೆ. ಅವಳು ನನ್ನ ರೋಗಿ ಎಂದು ಡಾಕ್ಟರು. ಇಬ್ಬರೂ ಜೋರು ಮಾತಾಡುವವರಲ್ಲ. ಆ ದಿನವೂ ಜೋರಾಗಲಿಲ್ಲ. ಆದರೆ ಕೋಣೆಯಲ್ಲಿ ನನಗೆ ಕೂರಲಿಕ್ಕಾಗಲಿಲ್ಲ.

“ಹಾಗಾದರೆ ಎಲ್ಲರಿಗೂ ಹೇಳಬೇಕು ಸರ್,” ಎಂದರು ಡಾಕ್ಟರು. “ಒಬ್ಬಳಿಗೆ ಹೇಳಿ ಉಳಿದವರಿಗೆ ಹೇಳದೆ ಇರುವುದು ಸರಿಯಲ್ಲ.”

“ಎಂತ ಹೇಳುವುದು ಡಾಕ್ಟರೇ? ನೀರೇ ಕಾರಣ ಎಂದು ನಿಮಗೆ ಗೊತ್ತುಂಟಾ? ಗೊತ್ತಿಲ್ಲದ್ದನ್ನು ಇವತ್ತು ಹೇಳಿ ನಾಳೆ ತಪ್ಪಾದರೆ ನಮ್ಮ ಮಾತು ಆ ಊರಿನಲ್ಲಿ ಯಾರೂ ಕೇಳಲಿಕ್ಕಿಲ್ಲ. ಈ ಒಂದು ಬೇಸಗೆ ಕಳೆಯಲಿ.”

ಅವರು ಹೇಳಿದ್ದೂ ಸುಳ್ಳಲ್ಲ. ಬೇರೆ ಊರಿನಲ್ಲಿ ಯಾರೋ ಅವಸರದಿಂದ ಹೇಳಿದ ಮಾತಿಗೆ ಜನ ಹೆದರಿ, ಆಮೇಲೆ ಅದು ಸುಳ್ಳೆಂದು ತಿಳಿದು, ಅದರ ನಂತರ ಹೋದ ಒಳ್ಳೆಯ ವೈದ್ಯರನ್ನೂ ಅಂಗಳದಿಂದಲೇ ವಾಪಸು ಕಳಿಸಿದ್ದನ್ನು ಅವರು ಕಣ್ಣಾರೆ ಕಂಡವರು. ಹಾಗೆ ಕಾಯುವುದೆಂದು ಆಯಿತು. ಬಿಪಿ ಏರಿದವರಿಗೆ ಡಾಕ್ಟರು ಬೇರೆ ಬೇರೆಯಾಗಿ ಹೇಳಬಹುದು, ಊರಿಗೆಲ್ಲ ಹೇಳುವುದು ಬೇಡ.

ಕಮಲಕ್ಕನ ಮನೆಯಿಂದ ಸ್ವಲ್ಪ ಆಚೆ ಬೀಫಾತುಮ್ಮನ ಮನೆ. ಅವರು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ಅವರ ಮಗ ಗಲ್ಫಿನಲ್ಲಿ, ಸೊಸೆ ಆಯಿಷಾ ಇವರ ಒಟ್ಟಿಗೆ. ಆಯಿಷಾಳೂ ಆ ಬೇಸಗೆ ಬಸುರಿ. ಅವಳ ಬಿಪಿ ಪ್ರತಿ ಸಲ ಸರಿಯಾಗಿಯೇ ಇತ್ತು. ನಾವು ಹೋದಾಗಲೆಲ್ಲ ನಿಂಬೆ ಶರಬತ್ತು ಮಾಡಿ ಕೊಡುತ್ತಿದ್ದಳು. ಮಾತು ಕಡಿಮೆ, ನಗು ಹೆಚ್ಚು. ಮೇ ತಿಂಗಳ ಒಂದು ಬೆಳಿಗ್ಗೆ ಅವಳಿಗೆ ತಲೆನೋವು ಶುರುವಾಯಿತು, ಕಣ್ಣು ಮಂಜಾಯಿತು, ಆಮೇಲೆ ಫಿಟ್ಸ್ ಬಂತು. ನೆರೆಯವರು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಆಯಿಷಾ ಉಳಿದಳು. ಮಗು ಉಳಿಯಲಿಲ್ಲ. ಗಂಡು ಮಗು.

ನಾವು ಮೂವರೂ ಅವರ ಮನೆಗೆ ಹೋದೆವು. ಆಯಿಷಾ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೀಫಾತುಮ್ಮ ಜಗಲಿಯಲ್ಲಿ ಚಾಪೆ ಹಾಸಿದರು. ಪುಷ್ಪಾ ಯಾಕೆ ನಾಯ್ಮಾರ್ಮೂಲೆಗೆ ಹೋದಳೆಂಬುದು ಅಷ್ಟರಲ್ಲಿ ಅವರ ಕಿವಿಗೂ ಬಿದ್ದಿತ್ತು. ಅವರು ಡಾಕ್ಟರನ್ನು ಕೇಳಲಿಲ್ಲ, ಸರ್ ಅನ್ನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

“ಟೀಚರೇ, ನೀರಿನಿಂದಲಾ?”

ಇಷ್ಟು ವರ್ಷದ ಕೆಲಸದಲ್ಲಿ ನನ್ನನ್ನು ಎಷ್ಟೋ ಪ್ರಶ್ನೆ ಕೇಳಿದ್ದಾರೆ, ಇಂಥದ್ದನ್ನು ಇನ್ನೊಮ್ಮೆ ಯಾರೂ ಕೇಳಲಿಲ್ಲ. ಹೌದು ಎಂದರೆ ಅದು ನನಗೆ ಗೊತ್ತಿಲ್ಲದ ಮಾತು. ಅಲ್ಲ ಎಂದರೂ ಗೊತ್ತಿಲ್ಲದ ಮಾತೇ. ಒಬ್ಬಳ ವಿಷಯದಲ್ಲಿ ಇದೇ ಕಾರಣ ಎಂದು ಹೇಳಲಿಕ್ಕೆ ಯಾವ ವಿಜ್ಞಾನಕ್ಕೂ ಬರುವುದಿಲ್ಲ. ನೂರಾರು ಜನರ ಬಗ್ಗೆ ಹೇಳಬಹುದು, ಒಬ್ಬ ಆಯಿಷಾಳ ಬಗ್ಗೆ ಹೇಳಲಾಗುವುದಿಲ್ಲ.

“ಗೊತ್ತಿಲ್ಲ ಉಮ್ಮ,” ಎಂದೆ. “ಇರಬಹುದು. ಅಲ್ಲದೆಯೂ ಇರಬಹುದು.”

ಬೀಫಾತುಮ್ಮ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ವಾಪಸು ಬರುವಾಗ ಜೀಪಿನಲ್ಲಿ ಕುಂಞಂಬು ಸರ್ ಮುಂದಿನ ಸೀಟಿನಲ್ಲಿ ಕೂತಿದ್ದರು. ಜೀಪು ಕುಂಬಳೆ ದಾಟಿತು. ಆಮೇಲೆ ಹಿಂದಕ್ಕೆ ತಿರುಗದೆಯೇ, ಇನ್ನು ಕಾಯುವುದು ಬೇಡ, ಶಾಲೆಯಲ್ಲಿ ಊರವರನ್ನು ಕರೆಯುವ ಎಂದರು. ಅಷ್ಟೇ. ಅಧ್ಯಯನ ಹಾಳಾಗುತ್ತದೆಂಬ ಮಾತು ಅವರೂ ಆಡಲಿಲ್ಲ, ನಾವೂ ಆಡಲಿಲ್ಲ.

ಆ ಸಭೆಗೆ ಜಾಗ ಸಾಲದಷ್ಟು ಜನ. ಕುಂಞಂಬು ಸರ್ ತಮ್ಮ ಅರೆಮಲಯಾಳದ ಕನ್ನಡದಲ್ಲಿ ಮಾತಾಡಿದರು. ಬೇಸಗೆಯಲ್ಲಿ ಹೊಳೆಯಲ್ಲಿ ಸಿಹಿನೀರು ಕಡಿಮೆಯಾಗುತ್ತದೆ, ಆಗ ಸಮುದ್ರದ ನೀರು ಅಳಿವೆಯಿಂದ ಒಳಗೆ ಬರುತ್ತದೆ, ಬಾವಿಗೂ ಇಳಿಯುತ್ತದೆ. ಅದನ್ನು ಬಸುರಿಯರೂ ಬಿಪಿ ಇರುವವರೂ ಕುಡಿಯದಿದ್ದರೆ ಒಳ್ಳೆಯದು ಎಂದು ನಮ್ಮ ಅಭಿಪ್ರಾಯ. ಪೂರ್ತಿ ಪ್ರಮಾಣ ನಮ್ಮ ಹತ್ತಿರ ಇಲ್ಲ ಎಂದೂ ಹೇಳಿದರು. ಅವರು ಕೂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಕೇಳಿದಳು: ಹಾಗಾದರೆ ನಾಳೆ ಬೆಳಿಗ್ಗೆ ನಾವು ಯಾವ ನೀರು ಕುಡಿಯುವುದು?

ನಮ್ಮ ಮೂವರ ಹತ್ತಿರವೂ ಉತ್ತರ ಇರಲಿಲ್ಲ. ಇದನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಕಾರಣ ಹುಡುಕುವುದರಲ್ಲಿ ಎಷ್ಟು ಮುಳುಗಿದ್ದೆವೆಂದರೆ, ಸಿಕ್ಕಿದ ಮರುದಿನ ಏನು ಮಾಡುವುದೆಂದು ಒಂದು ದಿನವೂ ಕೂತು ಯೋಚಿಸಿರಲಿಲ್ಲ. ಜುಬೈದಾ ಡಾಕ್ಟರು ಎದ್ದು, ಗೊತ್ತಿಲ್ಲ, ನಾಳೆ ನಿಮ್ಮ ಒಟ್ಟಿಗೆ ನಾವೂ ಪಂಚಾಯತಿಗೆ ಬರುತ್ತೇವೆ ಎಂದರು. ಹೋದೆವು. ಅಲ್ಲಿಯವರು ಕೇಳಿದರು, ಕೈಲಾದದ್ದು ಮಾಡಿದರು. ಬೇಸಗೆಯಲ್ಲಿ ನೀರಿನ ಲಾರಿ ಬರಲಿಕ್ಕೆ ಶುರುವಾಯಿತು. ಶಾಲೆಯ ಮಾಡಿನ ಮಳೆನೀರು ಹಿಡಿಯಲಿಕ್ಕೆ ಟ್ಯಾಂಕಿ ಕಟ್ಟಿದರು. ಲಾರಿ ದಿನಾ ಬರುತ್ತಿರಲಿಲ್ಲ. ಬಾರದ ದಿನ ಬಾವಿಯ ನೀರೇ.

ಪುಷ್ಪಾಳಿಗೆ ನಾಯ್ಮಾರ್ಮೂಲೆಯಲ್ಲಿದ್ದಾಗ ಬಿಪಿ ಸ್ವಲ್ಪ ಇಳಿಯಿತು. ತಿಂಗಳು ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತು. ಅಂಗೈಯಷ್ಟೇ ಇತ್ತು, ಆದರೆ ಬದುಕಿತು. ಅದು ನೀರು ಬದಲಿಸಿದ್ದರಿಂದಲೋ, ಮಾತ್ರೆಯಿಂದಲೋ, ಮೀನು ಹೊರುವುದು ತಪ್ಪಿ ವಿಶ್ರಾಂತಿ ಸಿಕ್ಕಿದ್ದರಿಂದಲೋ, ಹೇಳಲಿಕ್ಕೆ ನನಗೆ ಈಗಲೂ ಸಾಧ್ಯವಿಲ್ಲ. ನಮ್ಮ ಪ್ರಬಂಧ ದೊಡ್ಡ ಪತ್ರಿಕೆಯಿಂದ ಹಿಂದೆ ಬಂತು. ಅಧ್ಯಯನದ ನಡುವೆ ಜನರು ಕುಡಿಯುವ ನೀರು ಬದಲಾಗಿದೆ, ಹಾಗಾಗಿ ತೀರ್ಮಾನ ದುರ್ಬಲ ಎಂದು ಅವರ ಮಾತು. ಸರಿಯಾದ ಮಾತು. ಕೊನೆಗೆ ಸಣ್ಣದೊಂದು ಪತ್ರಿಕೆಯಲ್ಲಿ, ಪ್ರತಿ ವಾಕ್ಯಕ್ಕೂ ಬಹುಶಃ ಸೇರಿಸಿ ಪ್ರಕಟವಾಯಿತು. ಕುಂಞಂಬು ಸರ್ ಆ ಪ್ರತಿಯನ್ನು ನೋಡಿ ಮೇಜಿನ ಮೇಲಿಟ್ಟು, ಸಾಕು ವಿಶಾಲಾ ಎಂದರು. ಸ್ವಲ್ಪ ಸಮಯದಲ್ಲೇ ಅವರು ನಿವೃತ್ತರಾದರು.

ನನಗೆ ಇನ್ನೂ ಸರ್ವಿಸ್ ಉಳಿದಿತ್ತು. ಹೊಳೆಯಲ್ಲಿ ಬೇಸಗೆಗೆ ಸಿಹಿನೀರು ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆಯೂ ಉಳಿದಿತ್ತು. ಅದರ ಉತ್ತರ ಕಡಲ ಕರೆಯಲ್ಲಿ ಇರಲಿಲ್ಲ, ನನ್ನ ಊರಿನ ಕಡೆ ಇತ್ತು. ಶಿರಿಯಕ್ಕೆ ಹೋಗುವ ಹೊಳೆಗೆ ನಮ್ಮ ಬದಿಯಡ್ಕದ ಆಚೀಚಿನ ತೋಡುಗಳ, ಎಂದರೆ ಸಣ್ಣ ಹಳ್ಳಗಳ, ನೀರೂ ಸೇರುತ್ತದೆ. ಹಿಂದೆ ಮಳೆಗಾಲ ಮುಗಿದ ಮೇಲೆ ಊರವರು ಸೇರಿ ಆ ತೋಡುಗಳಿಗೆ ಕಲ್ಲು ಮಣ್ಣು ಸೊಪ್ಪು ಹಾಕಿ ಅಡ್ಡಲಾಗಿ ಕಟ್ಟ ಕಟ್ಟುತ್ತಿದ್ದರು. ನೀರು ನಿಂತು, ಮಣ್ಣಿಗಿಳಿದು, ಬೇಸಗೆಯಿಡೀ ನಿಧಾನವಾಗಿ ಕೆಳಗೆ ಹರಿಯುತ್ತಿತ್ತು. ಬೋರ್‌ವೆಲ್ ಬಂದ ಮೇಲೆ ಕಟ್ಟದ ಕೆಲಸಕ್ಕೆ ಜನ ಸೇರುವುದು ನಿಂತಿತು. ತೋಡುಗಳು ಬೇಗ ಒಣಗಿದವು.

ನನ್ನ ಅಕ್ಕನ ಗಂಡ ಈಶ್ವರ ಭಾವನ ಜಾಗ ಅಂಥ ಒಂದು ತೋಡಿನ ದಡದಲ್ಲೇ. ಮೊದಲು ಅವರೇ ಮುಂದೆ ನಿಂತು ಕಟ್ಟ ಹಾಕಿಸುತ್ತಿದ್ದವರು. ಮತ್ತೆ ಕಟ್ಟಬಹುದಾ ಎಂದು ಕೇಳಲಿಕ್ಕೆ ಹೋದೆ. ಶಿರಿಯದ ಬಾವಿ, ಬಸುರಿಯರ ಬಿಪಿ ಎಲ್ಲ ಹೇಳಿದೆ. ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದರು. ಅಲ್ಲಿ ಬಿಪಿ ಏರಿದ್ದಕ್ಕೆ ಇಲ್ಲಿ ನಾನು ಕಲ್ಲು ಹೊರಬೇಕಾ, ವಿಶಾಲಾ, ನಿನ್ನ ಓದು ಹೆಚ್ಚಾಯಿತು ಎಂದರು. ಹಾಸ್ಯಕ್ಕೆ ಹೇಳಿದ್ದಲ್ಲ. ಅಕ್ಕ ಒಳಗಿನಿಂದ, ಊಟ ಮಾಡಿ ಹೋಗು ಎಂದು ಕರೆದಳು. ಉಂಡು ಬಂದೆ.

ಶಿರಿಯದಲ್ಲಿ ಹೇಳಿದರೆ ಅಲ್ಲಿ ಬೇರೆಯೇ ಜಗಳ. ಮೇಲಿನವರು ಇದ್ದ ನೀರನ್ನೂ ಕಟ್ಟಿ ಹಾಕಿದರೆ ನಮಗೆ ಬರುವುದೂ ಬಾರದಲ್ಲ ಎಂದು ಕಮಲಕ್ಕನೇ ಮೊದಲು ಎದ್ದರು. ನಿಂತ ನೀರು ಮಣ್ಣಿನೊಳಗಿಂದ ಬರುತ್ತದೆ ಎಂದರೆ ಕಣ್ಣಿಗೆ ಕಾಣುವುದಿಲ್ಲವಲ್ಲ. ನಿವೃತ್ತರಾಗಿದ್ದ ಕುಂಞಂಬು ಸರ್ ಅನ್ನು ಬಸ್ಸಿನಲ್ಲಿ ಕರೆತಂದು ವಿವರಿಸಿದೆ. ಯಾರೂ ನಂಬಲಿಲ್ಲ. ಎರಡು ವರ್ಷ ಮೇಲೆ ಕೆಳಗೆ ಓಡಾಡಿಯೇ ಹೋಯಿತು. ಬೆನ್ನು ನೋವು ಶುರುವಾದದ್ದು ಆಗ. ಯೋಜನೆಯ ಅವಧಿಯೂ ಮುಗಿದಿತ್ತು. ಇದು ಸಂಶೋಧನೆಯಲ್ಲ, ಬೇರೆಯವರ ಕೆಲಸ ಎಂದು ಹೊಸ ಮುಖ್ಯಸ್ಥರು ಹೇಳಿದರು. ರಜೆ ಹಾಕಿ ಹೋಗುತ್ತಿದ್ದೆ.

ಕೊನೆಗೆ ಒಂದು ದಿನ, ವಾದ ಮಾಡುವ ಶಕ್ತಿ ಇಲ್ಲದೆ, ಕಮಲಕ್ಕ ಮತ್ತು ಬೀಫಾತುಮ್ಮನನ್ನು ಕರೆದುಕೊಂಡು ಬದಿಯಡ್ಕದ ಬಸ್ಸು ಹತ್ತಿದೆ. ಅಲ್ಲಿಂದ ಜೀಪಿನಲ್ಲಿ ಭಾವನ ಮನೆಗೆ. ನಾನೇನೂ ಪೀಠಿಕೆ ಹಾಕಲಿಲ್ಲ, ಇವರು ಶಿರಿಯದವರು ಎಂದೆ ಅಷ್ಟೇ. ಕಮಲಕ್ಕ ಬದಿಯಡ್ಕ ಪೇಟೆಯವರೆಗೆ ಬರುವವರಾದರೂ ತೋಡಿನ ಕಡೆ ಬಂದದ್ದು ಮೊದಲ ಸಲ. ಒಣಗಿದ ತೋಡನ್ನು ನೋಡಿ ನಿಂತರು. ಇಲ್ಲಿಯೂ ಇಲ್ಲವಾ ಎಂದರು. ಮೇಲಿನವರು ನೀರು ಅಡಗಿಸಿ ಇಟ್ಟುಕೊಂಡಿದ್ದಾರೆಂದು ಅವರ ಮನಸ್ಸಿನಲ್ಲಿ ಇತ್ತೇನೋ.

ಅಕ್ಕ ಇಬ್ಬರಿಗೂ ಬೆಲ್ಲ, ನೀರು ತಂದಿಟ್ಟಳು. ಬೀಫಾತುಮ್ಮ ತಂಬಿಗೆ ಎತ್ತಿ ಕುಡಿದರು. ಪೂರ್ತಿ ಕುಡಿದು, ಇನ್ನೊಂದು ಸ್ವಲ್ಪ ಸಿಗಬಹುದಾ ಎಂದು ಕೇಳಿದರು. ಅದನ್ನೂ ಕುಡಿದರು. ಆಮೇಲೆ ಭಾವನಿಗೆ, ಯಾರಿಗೋ ಯಾವುದೋ ಸಣ್ಣ ವಿಷಯ ತಿಳಿಸುವವರ ಹಾಗೆ ಹೇಳಿದರು:

“ನನ್ನ ಮೊಮ್ಮಗ ಇದ್ದಿದ್ದರೆ ಈ ವರ್ಷ ಶಾಲೆಗೆ ಹಾಕಬೇಕಿತ್ತು, ಭಟ್ರೇ.”

ಭಾವ ಎದ್ದು ಅಂಗಳಕ್ಕೆ ಇಳಿದು ತೋಡಿನ ಕಡೆ ಹೋದರು. ನಾವು ಹೊರಡುವಾಗಲೂ ಅಲ್ಲಿಯೇ ನಿಂತಿದ್ದರು.

ಆ ಮಳೆಗಾಲ ಮುಗಿದ ಮೇಲೆ ಭಾವ ನೆರೆಕರೆಯವರ ಮನೆಗೆ ತಾವೇ ಹೋಗಿ ಕರೆದು ಕಟ್ಟ ಹಾಕಿಸಿದರು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಮೊದಲಿನ ಹಾಗೆ ಜನ ಸೇರಲಿಲ್ಲ. ಮರಳಿನ ಚೀಲ, ಪ್ಲಾಸ್ಟಿಕ್ ಹಾಳೆ ಹಾಕಿ ಹೇಗೋ ಮುಗಿಸಿದರಂತೆ. ನಾನು ಹೋಗಿ ನೋಡಿದೆ. ಸೊಂಟದವರೆಗೆ ನೀರು ನಿಂತಿತ್ತು. ಆಚೆಯ ತೋಡಿನವರು ನೋಡಿ ಒಂದು ವರ್ಷ ತಡವಾಗಿ ತಾವೂ ಒಂದು ಹಾಕಿದರು. ಒಂದೆರಡು ಕಟ್ಟದಿಂದ ಹೊಳೆ ಬದಲಾಗುವುದಿಲ್ಲ. ಶಿರಿಯದ ಬಾವಿಗಳಲ್ಲಿ ವ್ಯತ್ಯಾಸ ಕಾಣಲಿಕ್ಕೆ ಅಂಥವು ಎಷ್ಟೋ ಬೇಕು. ಮಳೆ ಸರಿಯಾಗಿ ಬಂದ ವರ್ಷ ಯಾವುದರಿಂದ ಏನಾಯಿತೆಂದು ಹೇಳಲಿಕ್ಕೂ ಆಗುವುದಿಲ್ಲ. ನಾನು ಇದನ್ನು ಭಾವನಿಗೆ ಹೇಳಿದ್ದೇನೆ. ಸುಳ್ಳು ಆಸೆ ಕೊಡುವ ಕೆಲಸ ನಮ್ಮದಲ್ಲ.

ನಾನೂ ಈಗ ನಿವೃತ್ತಳು. ಮೀಟರು ಸಂಸ್ಥೆಗೆ ಒಪ್ಪಿಸಿಯಾಗಿದೆ. ಆದರೂ ಎಪ್ರಿಲ್ ಬಂದರೆ ಕಮಲಕ್ಕನಿಗೆ ಫೋನು ಮಾಡಿ ಗಂಜಿಯ ರುಚಿ ಕೇಳುತ್ತೇನೆ. ಈ ವರ್ಷ ವಿಷು ಕಳೆದು ಕೆಲವು ದಿನದ ನಂತರ ಉಪ್ಪು ಬಂತು ಎಂದರು. ಹಿಂದಿನ ವರ್ಷ ವಿಷುವಿಗೆ ಬಹಳ ಮೊದಲೇ ಬಂದಿತ್ತು.

ಅದರ ಮರುದಿನ ಭಾವನ ಫೋನು. ಅವರು ಫೋನು ಮಾಡುವವರೇ ಅಲ್ಲ, ಏನಿದ್ದರೂ ಅಕ್ಕನ ಕೈಯಲ್ಲಿ ಹೇಳಿಸುವವರು. ನನಗೆ ಗಾಬರಿಯಾಗಿ, ಅಕ್ಕನಿಗೆ ಏನಾಯಿತು ಎಂದು ಕೇಳಿದೆ.

“ಅಕ್ಕನಿಗೆ ಎಂತ ಆಗ್ಲಿಲ್ಲ. ಶಿರಿಯದಲ್ಲಿ ಬಾವಿ ಹೇಗುಂಟು?”

“ಉಪ್ಪೇ ಭಾವ. ಆದರೆ ಈ ಸಲ ತಡವಾಗಿ ಬಂತಂತೆ. ವಿಷು ಕಳೆದ ಮೇಲೆ.”

ಕಟ್ಟದಿಂದಲೇ ಎಂದು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ.

“ಹಾಗಾದರೆ ಮಳೆ ಬರುವವರೆಗೆ ಅವರಿಗೆ ಇನ್ನೂ ತುಂಬ ದಿನ ಉಪ್ಪುನೀರೇ,” ಎಂದರು. “ಮೇಲಿನ ತೋಡಿಗೂ ಒಂದು ಕಟ್ಟ ಹಾಕುವ ಬರುವ ವರ್ಷ. ಆ ಬ್ಯಾರಿ ಅಮ್ಮನಿಗೆ ಹೇಳು.”